ಕೈದಿಯ ಕಾಯಿಲೆ, ಕೌಂಟಿಯ ಬೊಕ್ಕಸ

(ಉಪನ್ಯಾಸವೊಂದರ ಬರಹರೂಪ)



ಆಸ್ಪತ್ರೆಯ ಬಿಲ್ಲೊಂದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಸಂಗದಿಂದಲೇ ಆರಂಭಿಸುತ್ತೇನೆ. 1978ರ ಸೆಪ್ಟೆಂಬರ್ ತಿಂಗಳು. ಬಾಸ್ಟನ್ ನಗರದ ಮಗ್ಗುಲಲ್ಲೇ ಇರುವ ರೆವೀರ್ ಎಂಬ ಊರಿನಲ್ಲಿ ಯಾರೋ ಬಾಗಿಲು ಮುರಿದು ಒಳನುಗ್ಗಿದ್ದಾರೆಂದು ಪೊಲೀಸರಿಗೆ ದೂರು ಬಂತು. ಪೊಲೀಸರು ಹೋದಾಗ ಅಲ್ಲಿದ್ದವನು ಓಟ ಕಿತ್ತ. ನಿಲ್ಲೆಂದು ಕೂಗಿದರು, ಎಚ್ಚರಿಕೆಗೆ ಒಂದು ಗುಂಡು ಹಾರಿಸಿದರು. ಆತ ನಿಲ್ಲಲಿಲ್ಲ. ಎರಡನೆಯ ಗುಂಡು ಅವನಿಗೆ ತಗುಲಿತು. ಆಂಬುಲೆನ್ಸಿನಲ್ಲಿ ಅವನನ್ನು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸಾಗಿಸಿದರು. ವೈದ್ಯರು ಅವನ ಜೀವ ಉಳಿಸಿದರು. ಕೆಲವು ದಿನಗಳಲ್ಲಿ ಆಸ್ಪತ್ರೆಯಿಂದ ರೆವೀರ್ ಪೊಲೀಸ್ ಮುಖ್ಯಸ್ಥರಿಗೆ 7,948 ಡಾಲರು 50 ಸೆಂಟುಗಳ ಬಿಲ್ಲು ಬಂತು. ಇದು ನಮ್ಮ ಹೊಣೆಯಲ್ಲ ಎಂದು ಮುಖ್ಯಸ್ಥರು ಕೈ ತೊಳೆದುಕೊಂಡರು. ಆತ ಮತ್ತೊಮ್ಮೆ ಆಸ್ಪತ್ರೆ ಸೇರಿದಾಗ ಇನ್ನೂ ಐದು ಸಾವಿರ ಚಿಲ್ಲರೆ ಡಾಲರುಗಳ ಬಿಲ್ಲು ಬಂತು. ಅದಕ್ಕೂ ಹಣ ಬರಲಿಲ್ಲ. 1979ರಲ್ಲಿ ಆಸ್ಪತ್ರೆ ಊರಿನ ಮೇಲೆ ದಾವೆ ಹೂಡಿತು.

ಗುಂಡು ಹೊಡೆದವರು ಪೊಲೀಸರು, ಹೊಲಿಗೆ ಹಾಕಿದವರು ವೈದ್ಯರು. ದುಡ್ಡು ಕೊಡಬೇಕಾದವರು ಯಾರು? ನಮಗೆ ಸುಲಭವಾಗಿ ಕಾಣುವ ಈ ಪ್ರಶ್ನೆ ಆ ದೇಶದಲ್ಲಿ ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಹಾಗೇಕೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಸ್ವಲ್ಪ ಬಿಡಿಸಿ ಇಡುತ್ತೇನೆ.

ಮೊದಲು ಕೌಂಟಿ ಎಂಬುದನ್ನು ತಿಳಿದುಕೊಳ್ಳಬೇಕು. ನಮ್ಮ ಜಿಲ್ಲೆ ಎಂದರೆ ರಾಜ್ಯ ಸರ್ಕಾರದ ತೋಳು. ಜಿಲ್ಲಾಧಿಕಾರಿಯನ್ನು ಕಳಿಸುವುದೂ ರಾಜ್ಯ, ಸಂಬಳ ಕೊಡುವುದೂ ರಾಜ್ಯ. ಅಮೆರಿಕದ ಕೌಂಟಿ ಹಾಗಲ್ಲ. ಅದು ಬಹುಮಟ್ಟಿಗೆ ತನ್ನ ತೆರಿಗೆಯನ್ನು ತಾನೇ ಎತ್ತಿ, ತನ್ನ ಖರ್ಚನ್ನು ತಾನೇ ತೂಗಿಸುವ ಸ್ಥಳೀಯ ಸರ್ಕಾರ. ಅದರ ಆದಾಯದಲ್ಲಿ ದೊಡ್ಡ ಪಾಲು ಮನೆ, ಜಮೀನುಗಳ ಮೇಲಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಇಂಥವು ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚಿವೆ. ಲಾಸ್ ಏಂಜಲೀಸ್ ಕೌಂಟಿಯ ಜನಸಂಖ್ಯೆ ಒಂದು ಕೋಟಿಗೆ ಹತ್ತಿರ. ಟೆಕ್ಸಸ್ಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿಯಲ್ಲಿ ಸಿಕ್ಕವರು ಬರೇ 64 ಜನ. ನಮ್ಮಲ್ಲಿ ಒಂದು ಮದುವೆಯ ಪಂಕ್ತಿಗೆ ಕೂರುವ ಮಂದಿ!

ಅಲ್ಲಿ ‘ಪ್ರಿಸನ್’ ಬೇರೆ, ‘ಜೈಲ್’ ಬೇರೆ. ಅಪರಾಧ ಸಾಬೀತಾಗಿ ವರ್ಷಗಟ್ಟಲೆ ಶಿಕ್ಷೆಯಾದವರು ಹೋಗುವುದು ಪ್ರಿಸನ್ನಿಗೆ. ಅದನ್ನು ರಾಜ್ಯವೋ ಕೇಂದ್ರವೋ ನಡೆಸುತ್ತದೆ. ಬಂಧಿಸಿದೊಡನೆ ತಂದು ಕೂಡುವ ಜಾಗ ಜೈಲು. ಜಾಮೀನಿಗೆ ಹಣ ಹೊಂದದವರು, ವಿಚಾರಣೆಗೆ ಕಾದವರು, ಸಣ್ಣ ಶಿಕ್ಷೆಯವರು ಇಲ್ಲಿರುತ್ತಾರೆ. ಇದನ್ನು ನಡೆಸುವುದು ಸಾಮಾನ್ಯವಾಗಿ ಕೌಂಟಿ. ಉಸ್ತುವಾರಿ ಷೆರಿಫನದು, ಆತ ಹೆಚ್ಚಿನ ಕಡೆ ಜನರಿಂದ ಆರಿಸಿ ಬಂದವನು. ಹೀಗಾಗಿ ಕೈದಿಯ ಹೊಟ್ಟೆನೋವಿನ ಖರ್ಚು ಆ ಊರಿನ ಮನೆಗಂದಾಯದಿಂದ ಹೋಗಬೇಕು. ನಮ್ಮಲ್ಲಿ ಸೆರೆಮನೆ ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯದ ವಿಷಯ. ಪರಪ್ಪನ ಅಗ್ರಹಾರದ ಕೈದಿಯನ್ನು ವಿಕ್ಟೋರಿಯಾ ಆಸ್ಪತ್ರೆಗೆ ಕರೆದೊಯ್ದರೆ ಸರ್ಕಾರದ ಹಣ ಅದರ ಬಲಗೈಯಿಂದ ಎಡಗೈಗೆ ಹೋಗುತ್ತದೆ, ಅಷ್ಟೆ. ನಮ್ಮ ಸೆರೆಮನೆಗಳಲ್ಲಿ ಚಿಕಿತ್ಸೆ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಬಿಲ್ಲಿನ ಜಗಳ ಆ ಬಗೆಯದಲ್ಲ ಎಂದು ಮಾತ್ರ ಹೇಳುತ್ತಿದ್ದೇನೆ.

ಕೌಂಟಿ, ಷೆರಿಫ್, ಜೈಲು ಇವೆಲ್ಲ ಇಂಗ್ಲೆಂಡಿನಿಂದ ಹಡಗು ಹತ್ತಿ ಹೋದ ಪದ್ಧತಿಗಳು. ಜಗಳದ ಬೇರೂ ಅಲ್ಲೇ ಇದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಜೈಲರನಿಗೆ ಸಂಬಳವೆಂಬುದೇ ಇರಲಿಲ್ಲವೆನ್ನಬಹುದು. ಅವನು ಬದುಕುತ್ತಿದ್ದುದು ಕೈದಿಗಳಿಂದ ಕಿತ್ತ ಶುಲ್ಕದ ಮೇಲೆ. 1773ರಲ್ಲಿ ಬೆಡ್‌ಫರ್ಡ್‌ಶೈರಿನ ಷೆರಿಫನಾದ ಜಾನ್ ಹೊವರ್ಡ್ ಎಂಬಾತ, ತನಗಿಂತ ಮುಂಚಿನವರು ಮಾಡದ ಒಂದು ಕೆಲಸ ಮಾಡಿದ. ತನ್ನ ಜೈಲಿನೊಳಗೆ ಕಾಲಿಟ್ಟು ನೋಡಿದ. ನಿರಪರಾಧಿಗಳೆಂದು ತೀರ್ಪಾದವರೂ ಜೈಲರನ ಶುಲ್ಕ ತೀರಿಸಲಾರದೆ ಅಲ್ಲೇ ಕೊಳೆಯುತ್ತಿದ್ದರು. ಜೈಲರನಿಗೆ ಕೌಂಟಿಯೇ ಸಂಬಳ ಕೊಡಲಿ ಎಂದು ಹೊವರ್ಡ್ ಕೇಳಿದಾಗ ನ್ಯಾಯಾಧಿಕಾರಿಗಳು ಇದಕ್ಕೆ ಹಿಂದಿನ ನಿದರ್ಶನ ಎಲ್ಲಿದೆ ಎಂದರು. ಆತ ಕುದುರೆಯೇರಿ ನೆರೆಯ ಕೌಂಟಿಗಳಲ್ಲಿ ನಿದರ್ಶನ ಹುಡುಕಲು ಹೊರಟ. ನಿದರ್ಶನ ಸಿಗಲಿಲ್ಲ, ಎಲ್ಲೆಲ್ಲೂ ಅದೇ ನರಕ ಸಿಕ್ಕಿತು.

ಆ ನರಕದ ಹೆಸರು ಜೈಲುಜ್ವರ, ಇಂದಿನ ಮಾತಿನಲ್ಲಿ ಟೈಫಸ್. ಹೇನುಗಳಿಂದ ಹರಡುವ ಈ ರೋಗ ಗೋಡೆಯ ಒಳಗೇ ಉಳಿಯುತ್ತಿರಲಿಲ್ಲ. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯಕ್ಕೆ ಕೈದಿಗಳನ್ನು ತಂದಾಗ ಅವರ ಜೊತೆ ರೋಗವೂ ಬಂತು. ಲಂಡನ್ನಿನ ಮೇಯರ್, ಇಬ್ಬರು ನ್ಯಾಯಾಧೀಶರು ಸೇರಿದಂತೆ ಹಲವರು ಸತ್ತರು. ಶಿಕ್ಷೆ ಕೊಡಲು ಕುಳಿತವರಿಗೇ ಮರಣ! ಇಂಥ ಭಯವೂ ಹೊವರ್ಡನ ಸಾಕ್ಷ್ಯವೂ ಕೂಡಿ 1774ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಎರಡು ಕಾನೂನು ಮಾಡಿತು. ಬಿಡುಗಡೆಯಾದವರಿಂದ ಶುಲ್ಕ ಕೀಳಬಾರದು ಎಂಬುದು ಒಂದು. ಜೈಲಿನ ಗೋಡೆಗೆ ವರ್ಷಕ್ಕೊಮ್ಮೆಯಾದರೂ ಸುಣ್ಣ ಬಳಿಯಬೇಕು, ಗಾಳಿ ಆಡಬೇಕು, ರೋಗಿಗಳಿಗೆ ಬೇರೆ ಕೋಣೆ ಇರಬೇಕು, ಒಬ್ಬ ವೈದ್ಯನನ್ನು ನೇಮಿಸಬೇಕು ಎಂಬುದು ಇನ್ನೊಂದು. ಎರಡಕ್ಕೂ ಹಣ ಕೌಂಟಿಯ ತೆರಿಗೆಯಿಂದ. ಕಾನೂನನ್ನು ಅನೇಕ ಜೈಲರುಗಳು ಲೆಕ್ಕಕ್ಕೇ ಇಡಲಿಲ್ಲ ಎಂಬುದು ಬೇರೆ ಮಾತು. ಆದರೆ ಕೂಡಿಹಾಕಿದವನೇ ಆರೈಕೆಯ ಖರ್ಚನ್ನೂ ಹೊರಬೇಕೆಂಬ ತತ್ವ ಆಗ ಕಾಗದದ ಮೇಲೆ ಬಂತು. ಅಮೆರಿಕದಲ್ಲೂ ಅದು ನಡೆದುಬಂತು. ನಾರ್ತ್ ಕ್ಯಾರೊಲೈನಾದ ಹೈಕೋರ್ಟಿಗೆ ಸಮನಾದ ನ್ಯಾಯಾಲಯ 1926ರಲ್ಲಿ ಇದನ್ನೇ ಹೇಳಿತು: ಸ್ವಾತಂತ್ರ್ಯ ಕಳೆದುಕೊಂಡವನು ತನ್ನನ್ನು ತಾನು ನೋಡಿಕೊಳ್ಳಲಾರ, ಆದ್ದರಿಂದ ಸಾರ್ವಜನಿಕರು ನೋಡಿಕೊಳ್ಳುವುದೇ ನ್ಯಾಯ.

ಈ ಮಾತಿಗೆ ಸಂವಿಧಾನದ ಬಲ ಬಂದದ್ದು ಮತ್ತೆ ಐವತ್ತು ವರ್ಷಗಳ ಮೇಲೆ. ಟೆಕ್ಸಸ್ಸಿನ ಪ್ರಿಸನ್ನಿನಲ್ಲಿದ್ದ ಗ್ಯಾಂಬಲ್ ಎಂಬ ಕೈದಿ 1973ರ ನವೆಂಬರಿನಲ್ಲಿ ಲಾರಿಯಿಂದ ಹತ್ತಿ ಇಳಿಸುತ್ತಿದ್ದಾಗ 600 ಪೌಂಡಿನ ಹತ್ತಿಯ ಪಿಂಡಿ ಮೈಮೇಲೆ ಬಿತ್ತು. ಬೆನ್ನುನೋವೆಂದು ಕೆಲಸಕ್ಕೆ ಹೋಗಲು ಒಪ್ಪದಿದ್ದುದಕ್ಕೆ ಅವನಿಗೆ ಶಿಕ್ಷೆಯೂ ಆಯಿತು. ವಕೀಲರಿಲ್ಲದೆ ತನ್ನ ಕೈಯಲ್ಲೇ ಅರ್ಜಿ ಬರೆದು ಆತ ನ್ಯಾಯಾಲಯಕ್ಕೆ ಹಾಕಿದ. 1976ರಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ತೀರ್ಪಿನಲ್ಲಿ, ಕೈದಿಯ ಗಂಭೀರ ಕಾಯಿಲೆಯ ಬಗ್ಗೆ ಬೇಕೆಂದೇ ಉದಾಸೀನ ತೋರಿಸುವುದು ಸಂವಿಧಾನದ 8ನೇ ತಿದ್ದುಪಡಿ ನಿಷೇಧಿಸಿರುವ ಕ್ರೂರ ಶಿಕ್ಷೆಯೇ ಎಂದು ಸಾರಿತು. ಆದರೆ ಗ್ಯಾಂಬಲನಿಗೆ ಸಿಕ್ಕಿದ್ದೇನು? ಮೂರು ತಿಂಗಳಲ್ಲಿ 17 ಸಲ ವೈದ್ಯ ಸಿಬ್ಬಂದಿ ಅವನನ್ನು ನೋಡಿದ್ದರು, ಕ್ಷ-ಕಿರಣ ಪರೀಕ್ಷೆ ಮಾಡಿಸದಿದ್ದುದು ಹೆಚ್ಚೆಂದರೆ ವೈದ್ಯಕೀಯ ತಪ್ಪು, ಉದಾಸೀನವಲ್ಲ ಎಂದು ವೈದ್ಯನ ಮೇಲಿನ ಆರೋಪವನ್ನು ತಳ್ಳಿಹಾಕಿದರು. ಅವನ ಹೆಸರಿನ ಅರ್ಥ ಜೂಜು. ಆ ಜೂಜಿನಲ್ಲಿ ಆಡಿದವನು ಸೋತ, ಲಕ್ಷಾಂತರ ಕೈದಿಗಳು ಗೆದ್ದರು.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಅಮೆರಿಕದ ಸಾಮಾನ್ಯ ಪ್ರಜೆಗೆ ಚಿಕಿತ್ಸೆ ಪಡೆಯುವ ಸಂವಿಧಾನಬದ್ಧ ಹಕ್ಕು ಇಲ್ಲ. ಆ ಹಕ್ಕು ಇರುವುದು ಸರ್ಕಾರ ಕೂಡಿಹಾಕಿದವನಿಗೆ. ಹಗಲಿರುಳು ದುಡಿಯುವ ನನಗೇ ವಿಮೆಯಿಲ್ಲ, ಕಳ್ಳನಿಗೆ ಪುಕ್ಕಟೆ ಆಸ್ಪತ್ರೆಯೇ ಎಂದು ಅಲ್ಲಿನ ತೆರಿಗೆದಾರ ಕೇಳುತ್ತಾನೆ. ಆ ಕೋಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಪ್ರಶ್ನೆಯಲ್ಲಿ ‘ಕಳ್ಳ’ ಎಂಬ ಮಾತು ಸರಿಯೇ ಎಂದು ನೋಡಬೇಕು. 2023ರ ನಡುವಿನ ಸರ್ಕಾರಿ ಲೆಕ್ಕದಂತೆ ಅಮೆರಿಕದ ಸ್ಥಳೀಯ ಜೈಲುಗಳಲ್ಲಿ ಇದ್ದವರು ಸುಮಾರು 6 ಲಕ್ಷ 64 ಸಾವಿರ. ಅವರಲ್ಲಿ ಹತ್ತಕ್ಕೆ ಏಳು ಮಂದಿಯ ಮೇಲೆ ಯಾವ ಅಪರಾಧವೂ ಆಗ ಸಾಬೀತಾಗಿರಲಿಲ್ಲ. ಇವರು ವಿಚಾರಣಾಧೀನರು. ಮಧುಮೇಹ, ಕುಡಿತ, ಅಮಲು ಪದಾರ್ಥಗಳ ಚಟ, ಮಾನಸಿಕ ಕಾಯಿಲೆ, ಬಸಿರು ಎಲ್ಲವನ್ನೂ ಹೊತ್ತು ಒಳಗೆ ಬರುತ್ತಾರೆ. ಮೂರು ದಿನವೋ ಮೂರು ತಿಂಗಳೋ ಇದ್ದು ಹೊರಗೆ ಹೋಗುತ್ತಾರೆ.

ಈಗ ರೆವೀರಿನ ಬಿಲ್ಲಿನ ಗತಿ ನೋಡೋಣ. ಮ್ಯಾಸಚೂಸೆಟ್ಸ್ ರಾಜ್ಯದ ಉಚ್ಚ ನ್ಯಾಯಾಲಯ, ಸಂವಿಧಾನದ ಪ್ರಕಾರವೇ ಊರು ಹಣ ಕೊಡಬೇಕು ಎಂದಿತ್ತು. 1983ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದ ತೀರ್ಪಿನ ಸಾರ ಇಷ್ಟು: ಹಿಡಿಯುವಾಗ ಗಾಯಗೊಂಡವನಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ರೆವೀರಿನವರು ಅವನನ್ನು ಆಸ್ಪತ್ರೆಗೆ ಮುಟ್ಟಿಸಿದರು, ಕರ್ತವ್ಯ ಮುಗಿಯಿತು. ಖರ್ಚು ಯಾರ ಪಾಲಿಗೆ ಎಂಬುದು ಸಂವಿಧಾನದ ಪ್ರಶ್ನೆಯಲ್ಲ, ಅದನ್ನು ರಾಜ್ಯಗಳ ಕಾನೂನು ತೀರ್ಮಾನಿಸಲಿ.

ತರ್ಕ ಚೊಕ್ಕಟವಾಗಿದೆ. ಆದರೆ ಹಕ್ಕನ್ನು ಒಬ್ಬರ ಕೈಗೂ ಬಿಲ್ಲನ್ನು ಯಾರದೋ ಬಾಗಿಲಿಗೂ ಇಟ್ಟು ಕೋರ್ಟು ಎದ್ದು ಹೋಯಿತೆಂದೇ ನನಗೆ ಅನ್ನಿಸುತ್ತದೆ. ಐವತ್ತು ರಾಜ್ಯಗಳಲ್ಲಿ ಬೇರೆ ಬೇರೆ ಕಾನೂನು. ಕೆಲವು ಕಡೆ ಪೂರ್ತಿ ಕೌಂಟಿಯ ಹೊಣೆ, ಕೆಲವು ಕಡೆ ಕೈದಿಗೆ ವಿಮೆಯೋ ಆಸ್ತಿಯೋ ಇದ್ದರೆ ಮೊದಲು ಅದು. ಅನೇಕ ಜೈಲುಗಳಲ್ಲಿ ವೈದ್ಯರನ್ನು ನೋಡಲು ಕೈದಿಯೇ ಕೆಲವು ಡಾಲರು ಕೊಡಬೇಕು. ಹೊವರ್ಡ್ ತೆಗೆಸಿದ ಶುಲ್ಕ ಹಿಂಬಾಗಿಲಿನಿಂದ ಮತ್ತೆ ಬಂದಿದೆ.

ಚಿಕ್ಕ ಕೌಂಟಿಯೊಂದಕ್ಕೆ ಹೃದಯದ ಒಂದು ಶಸ್ತ್ರಚಿಕಿತ್ಸೆ ಸಾಕು, ವರ್ಷದ ಆಯವ್ಯಯ ಏರುಪೇರಾಗಲು. ಬಿಲ್ಲೊಂದೇ ಅಲ್ಲ. ಕೈದಿ ಮಲಗಿದ ಮಂಚದ ಪಕ್ಕ ಹಗಲೂ ರಾತ್ರಿ ಪಾಳಿಯ ಮೇಲೆ ಷೆರಿಫನ ಸಿಬ್ಬಂದಿ ಕಾವಲಿರಬೇಕು, ಅವರ ಹೆಚ್ಚುವರಿ ವೇತನವೂ ಕೌಂಟಿಯದೇ. ಆದ್ದರಿಂದ ಕೆಲವು ಷೆರಿಫರು ಒಂದು ಉಪಾಯ ಕಂಡುಕೊಂಡರು. ಕೈದಿಯ ಸ್ಥಿತಿ ಕೆಟ್ಟೊಡನೆ ಅವನನ್ನು ಜಾಮೀನಿನ ಮೇಲೆ ಬಿಟ್ಟುಬಿಡುವುದು! ಬಿಡುಗಡೆಯ ಕಾಗದಕ್ಕೆ ರುಜು ಬಿದ್ದ ಗಳಿಗೆಯಿಂದ ಅವನು ಕೌಂಟಿಯ ಕೈದಿಯಲ್ಲ, ಸ್ವತಂತ್ರ ಪ್ರಜೆ, ಬಿಲ್ಲು ಅವನದು. ಅಲಬಾಮಾ ರಾಜ್ಯದಲ್ಲಿ ಇದು ಹೇಗೆ ನಡೆಯುತ್ತಿತ್ತೆಂದು 2019ರಲ್ಲಿ ಪತ್ರಿಕಾ ವರದಿಗಾರರು ಬಯಲಿಗೆಳೆದರು. ಹೀಗೆ ಬಿಡುಗಡೆಯಾದ ಕೆಲವರನ್ನು ಚೇತರಿಸಿಕೊಂಡ ಮೇಲೆ ಮತ್ತೆ ಹಿಡಿದು ತಂದದ್ದೂ ಉಂಟು. ಸ್ವಾತಂತ್ರ್ಯವನ್ನು ಇಷ್ಟು ಅಗ್ಗವಾಗಿ ಹಂಚಿದ ಉದಾಹರಣೆ ಇನ್ನೊಂದಿರಲಾರದು.

ಆಸ್ಪತ್ರೆಯೂ ಇಲ್ಲವೆನ್ನುವಂತಿಲ್ಲ. ತುರ್ತುಚಿಕಿತ್ಸಾ ವಿಭಾಗ ಹಾಗೂ ಒಕ್ಕೂಟ ಸರ್ಕಾರದ ಹಣ ಎರಡೂ ಇರುವ ಆಸ್ಪತ್ರೆ ಬಾಗಿಲಿಗೆ ಬಂದ ತುರ್ತು ರೋಗಿಯನ್ನು, ಹಣವಿರಲಿ ಇಲ್ಲದಿರಲಿ, ಪರೀಕ್ಷಿಸಿ ಸ್ಥಿಮಿತಕ್ಕೆ ತರಲೇಬೇಕೆಂದು 1986ರ ಕಾನೂನು ಹೇಳುತ್ತದೆ. ಕೌಂಟಿ ಕೊಡಲಿಲ್ಲ, ಕೈದಿಯ ಬಳಿ ಇಲ್ಲ ಎಂದಾದರೆ ನಷ್ಟ ಆಸ್ಪತ್ರೆಗೆ. ಹಲವು ಕೌಂಟಿಗಳು ಈ ತಲೆನೋವನ್ನೇ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟವು. ಅಂಥ ದೊಡ್ಡ ಕಂಪನಿ ಕೊರೈಜನ್ನಿನ ಸಾಲದ ಹೊರೆಯನ್ನು ಹೊತ್ತ ಸಂಸ್ಥೆ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಇನ್ನೊಂದು ದೊಡ್ಡ ಕಂಪನಿ ವೆಲ್‌ಪಾತ್ 2024ರಲ್ಲಿ ಅದೇ ದಾರಿ ಹಿಡಿಯಿತು. ಕೊರೈಜನ್ನಿನಿಂದ ಹಣ ಬರಬೇಕಾಗಿದ್ದವರ ಸಾಲಿನಲ್ಲಿ ಆಸ್ಪತ್ರೆಗಳೂ ನಿಂತಿದ್ದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಇಲ್ಲಿ ಗಂಡ ಯಾರು ಹೆಂಡತಿ ಯಾರು ಎಂದು ಹೇಳುವುದು ಕಷ್ಟ. ಕೂಸು ಯಾರೆಂಬುದು ಮಾತ್ರ ಗೊತ್ತು.

ಬಡವರ ಚಿಕಿತ್ಸೆಗೆ ಅಲ್ಲಿ ಒಕ್ಕೂಟ ಸರ್ಕಾರವೂ ರಾಜ್ಯಗಳೂ ಸೇರಿ ಹಣ ಹಾಕುವ ಮೆಡಿಕೇಡ್ ಎಂಬ ಯೋಜನೆ ಇದೆಯಲ್ಲ, ಅದರಿಂದ ಕೊಡಬಾರದೆ ಎಂದು ನೀವು ಕೇಳಬಹುದು. ವಿಷಯದ ತಿರುಳು ಇರುವುದೇ ಇಲ್ಲಿ. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ರುಜು ಹಾಕಿದ ಆ ಕಾನೂನಿನಲ್ಲಿ ಒಂದು ಸಾಲಿದೆ. ಸಾರ್ವಜನಿಕ ಸಂಸ್ಥೆಯೊಂದರ ನಿವಾಸಿಗೆ, ಆತ ವೈದ್ಯಕೀಯ ಸಂಸ್ಥೆಯಲ್ಲಿ ರೋಗಿಯಾಗಿ ಇದ್ದ ಹೊರತು, ಒಕ್ಕೂಟದ ಹಣ ಸಲ್ಲದು. ಈ ಸಾಲು ಜೈಲಿಗಾಗಿ ಹುಟ್ಟಿದ್ದಲ್ಲ. ಅದರ ಮೂಲ 1935ರ ಸಾಮಾಜಿಕ ಭದ್ರತೆಯ ಕಾನೂನಿನಲ್ಲಿದೆ. ಆಗ ಅಮೆರಿಕದಲ್ಲಿ ಕೌಂಟಿಗಳು ನಡೆಸುತ್ತಿದ್ದ ಬಡವರ ಮನೆಗಳಿದ್ದವು, ದಿಕ್ಕಿಲ್ಲದ ಮುದುಕರನ್ನು ತುಂಬುತ್ತಿದ್ದ ಮನೆಗಳು. ಮುದುಕರಿಗೆ ಕೊಡುವ ಪಿಂಚಣಿಯ ಹಣ ಆ ಮನೆಗಳ ಪಾಲಾಗಬಾರದು, ಅವರು ಸ್ವಂತ ಸೂರಿನಡಿ ಬದುಕಲಿ ಎಂಬ ಒಳ್ಳೆಯ ಉದ್ದೇಶದಿಂದ ಅಲ್ಲಿರುವವರನ್ನು ಹೊರಗಿಟ್ಟರು. 1950ರಲ್ಲಿ ಆಸ್ಪತ್ರೆಯ ರೋಗಿಗೆ ವಿನಾಯಿತಿ ಸೇರಿಸಿದರು. ಬಡವರ ಮನೆಗಳು ಕಾಲಕ್ರಮದಲ್ಲಿ ಮುಚ್ಚಿಹೋದವು. ಅವುಗಳಿಗೆಂದು ಬರೆದ ಸಾಲು ಉಳಿದು ಜೈಲಿನ ಬಾಗಿಲಲ್ಲಿ ಕಾವಲು ನಿಂತಿತು.

ಇದರ ಪರಿಣಾಮ ನೋಡಿ. ಕೈದಿಯನ್ನು ಜೈಲಿನ ಹೊರಗಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿ 24 ಗಂಟೆ ಇಟ್ಟುಕೊಂಡರೆ, ಅವನು ಮೆಡಿಕೇಡಿಗೆ ಅರ್ಹನಾಗಿದ್ದರೆ, ಬಿಲ್ಲಿನ ದೊಡ್ಡ ಪಾಲನ್ನು ವಾಷಿಂಗ್‌ಟನ್ ಕೊಡುತ್ತದೆ. 1997ರಲ್ಲಿ ಒಕ್ಕೂಟದ ಇಲಾಖೆ ಇದನ್ನು ಪತ್ರ ಬರೆದು ಸ್ಪಷ್ಟಪಡಿಸಿತು. ಆದರೆ ಜೈಲಿನೊಳಗೆ ದಿನವೂ ಕೊಡುವ ಇನ್ಸುಲಿನ್ನಿಗೆ ಅದರಿಂದ ಕಾಸಿಲ್ಲ. ರಕ್ತದೊತ್ತಡದ ಮಾತ್ರೆಗೆ ಇಲ್ಲ. ವಾರಕ್ಕೆ ಮೂರು ದಿನ ಹೋಗಿ ಬರುವ ಡಯಾಲಿಸಿಸ್‌ಗೂ ಇಲ್ಲ, ಏಕೆಂದರೆ ಆ ರೋಗಿ ಸಂಜೆಗೆ ಜೈಲಿಗೆ ಮರಳುತ್ತಾನೆ. ಇನ್ಸುಲಿನ್ ತಪ್ಪಿ, ಪ್ರಜ್ಞೆ ತಪ್ಪಿ, ಆಸ್ಪತ್ರೆಯ ಹಾಸಿಗೆ ಹಿಡಿದರೆ ಆಗ ಹಣ ಬರುತ್ತದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬೆಂಕಿ ಬಿದ್ದರೆ ಮಾತ್ರ ಬಾವಿಗೆ ಅನುದಾನ!

1997ರ ಪತ್ರದಿಂದ ಮೊದಮೊದಲು ಹೆಚ್ಚು ಪ್ರಯೋಜನವೂ ಆಗಲಿಲ್ಲ. ಜೈಲಿನಲ್ಲಿ ಹೆಚ್ಚಿನವರು ವಯಸ್ಕ ಗಂಡಸರು. ಮಕ್ಕಳ ಹೊಣೆಯಿಲ್ಲದ, ಅಂಗವಿಕಲನಲ್ಲದ ಗಂಡಸು ಎಷ್ಟೇ ಬಡವನಾದರೂ ಬಹುತೇಕ ರಾಜ್ಯಗಳಲ್ಲಿ ಮೆಡಿಕೇಡಿಗೆ ಸಲ್ಲುತ್ತಿರಲಿಲ್ಲ. ಇದನ್ನು ಬದಲಿಸಿದ್ದು ಒಬಾಮಾ ಕಾಲದ 2010ರ ಆರೋಗ್ಯ ಕಾನೂನು. 2014ರಿಂದ, ಈ ವಿಸ್ತರಣೆಯನ್ನು ಒಪ್ಪಿದ ರಾಜ್ಯಗಳಲ್ಲಿ, ಬಡತನವೊಂದೇ ಅರ್ಹತೆಯಾಯಿತು. ಹೊಸದಾಗಿ ಸೇರಿದವರ ಖರ್ಚಿನಲ್ಲಿ ಮೊದಲು ನೂರಕ್ಕೆ ನೂರು, 2020ರಿಂದ ನೂರಕ್ಕೆ ತೊಂಬತ್ತು ಒಕ್ಕೂಟದ್ದು. ಒಪ್ಪುವುದು ಬಿಡುವುದು ರಾಜ್ಯಗಳ ಇಷ್ಟ ಎಂದು 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ ಟೆಕ್ಸಸ್, ಫ್ಲಾರಿಡಾಗಳಂಥ ದೊಡ್ಡ ರಾಜ್ಯಗಳು ಹೊರಗುಳಿದವು. ಕ್ಯಾಲಿಫೋರ್ನಿಯಾದ ಕೌಂಟಿಯೊಂದರ ಕೈದಿಗೆ ಕರುಳಿನ ಶಸ್ತ್ರಚಿಕಿತ್ಸೆಯಾದರೆ ವಾಷಿಂಗ್‌ಟನ್ ಹಣ ಕೊಡಬಹುದು. ಅದೇ ವಯಸ್ಸಿನ, ಅದೇ ಬಡತನದ, ಅದೇ ಕರುಳಿನ ಟೆಕ್ಸಸ್ ಕೈದಿಯದಾದರೆ ಕೌಂಟಿಯೇ ಕೊಡಬೇಕು.

ಇನ್ನೊಂದು ತೊಡಕು. ಜೈಲಿಗೆ ಬಂದೊಡನೆ ಅನೇಕ ರಾಜ್ಯಗಳು ಆ ವ್ಯಕ್ತಿಯ ಮೆಡಿಕೇಡನ್ನೇ ರದ್ದು ಮಾಡುತ್ತಿದ್ದವು. ವಾರ ಬಿಟ್ಟು ಹೊರಗೆ ಬಂದರೂ ಮತ್ತೆ ಮೊದಲಿನಿಂದ ಅರ್ಜಿ, ದಾಖಲೆ, ಕಾಯುವಿಕೆ. ಅಷ್ಟರಲ್ಲಿ ಮಾತ್ರೆ ಮುಗಿದಿರುತ್ತದೆ. ರದ್ದು ಮಾಡದೆ ತಡೆಹಿಡಿದರೆ ಸಾಕೆಂದು ಕೌಂಟಿಗಳವರು ವರ್ಷಗಟ್ಟಲೆ ಮೊರೆಯಿಟ್ಟರು. 2024ರ ಕಾನೂನೊಂದು, 2026ರ ಜನವರಿಯಿಂದ ಎಲ್ಲ ರಾಜ್ಯಗಳೂ ಹಾಗೆಯೇ ಮಾಡಬೇಕೆಂದು ವಿಧಿಸಿತು. ಈ ಸುಧಾರಣೆಗೆ ಇಷ್ಟು ಕಾಲ ಬೇಕಾಯಿತೆಂಬುದೇ ನನಗೆ ಸೋಜಿಗ. ಇದರ ನಡುವೆಯೇ 2025ರ ಜುಲೈಯಲ್ಲಿ ಬಂದ ಇನ್ನೊಂದು ಕಾನೂನು, ವಿಸ್ತರಣೆಯಲ್ಲಿ ಸೇರಿದ ವಯಸ್ಕರು ದುಡಿಮೆಯ ಪುರಾವೆ ಕೊಡಬೇಕೆಂಬ ಷರತ್ತನ್ನು ತಡವಾದರೂ 2027ರ ಆರಂಭಕ್ಕೆ ಜಾರಿಗೆ ತರಬೇಕೆಂದಿತು. ಜೈಲು ಕಂಡು ಬಂದವನಿಗೆ ಕೆಲಸ ಕೊಡುವವರು ಎಷ್ಟು ಮಂದಿ ಎಂಬುದು ನಿಮಗೂ ಗೊತ್ತು.

ಹಾಸಿಗೆ ಹಿಡಿಯುವ ಮೊದಲೇ ಹಣ ಕೊಡುವ ಪ್ರಯತ್ನವೂ ಈಚೆಗೆ ಆರಂಭವಾಗಿದೆ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಿಶೇಷ ಅನುಮತಿ ಸಿಕ್ಕಿತು. ಬಿಡುಗಡೆಗೆ ಮುಂಚಿನ 90 ದಿನಗಳಲ್ಲಿ ಜೈಲಿನೊಳಗೇ ಕೊಡುವ ಕೆಲವು ಚಿಕಿತ್ಸೆ, ಔಷಧಿಗಳಿಗೆ ಮೆಡಿಕೇಡ್ ಹಣ ಬಳಸಬಹುದು. 1965ರ ಆ ಸಾಲನ್ನು ಈ ರೀತಿ ಸಡಿಲಿಸಿದ್ದು ಅದೇ ಮೊದಲು. 2024ರ ಅಕ್ಟೋಬರಿನಲ್ಲಿ ಕೆಲವು ಕೌಂಟಿಗಳಲ್ಲಿ ಕೆಲಸ ಶುರುವಾಯಿತು. ಪ್ರಿಸನ್ನಿನಲ್ಲಿ ಇದು ಸುಲಭ. ಶಿಕ್ಷೆ ಮುಗಿಯುವ ತಾರೀಖು ಗೊತ್ತಿರುತ್ತದೆ, ಹಿಂದಕ್ಕೆ 90 ದಿನ ಎಣಿಸಿದರಾಯಿತು. ಕೌಂಟಿ ಜೈಲಿನ ವಿಚಾರಣಾಧೀನನಿಗೆ ತಾರೀಖೆಲ್ಲಿ? ನಾಳೆ ಮಗ ಜಾಮೀನಿನ ಹಣ ಹೊಂದಿಸಿ ತಂದರೆ ನಾಳೆಯೇ ಬಿಡುಗಡೆ, ತರದಿದ್ದರೆ ಮುಂದಿನ ವರ್ಷ. ಹಾಗಾಗಿ ಅವನು ಒಳಗೆ ಕಾಲಿಟ್ಟ ದಿನದಿಂದಲೇ ಎಣಿಕೆ ಆರಂಭಿಸಬೇಕಾಗುತ್ತದೆ. ಬಂದವನ ಬೆರಳಚ್ಚು ತೆಗೆದುಕೊಳ್ಳುವ ಮೇಜಿನ ಪಕ್ಕದಲ್ಲೇ ಮೆಡಿಕೇಡ್ ಅರ್ಜಿ ತುಂಬಿಸುವವರೂ ಕೂರಬೇಕಾಗಿದೆ.